ಒಂದರಿಂದ ಆರಕ್ಕೇರಿ ಒಂದಕ್ಕಿಳಿಯುವ ಸಂಖ್ಯೆ

ಕ್ರಿ. ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿಯೇ ಕೊಂಡಾಡಿ, ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು, ಗುಣಾಕಾರದಂಥ ಶುಷ್ಕ ವಿಷಯವನ್ನು ಬೋಧಿಸುವಾಗಲೂ ರಸಿಕತೆಯನ್ನು ಕೈಬಿಟ್ಟವನಲ್ಲ. ಅವನು ಆಯ್ದುಕೊಂಡ ಲೆಕ್ಕಗಳಲ್ಲಿ ಕೆಲವಕ್ಕೆ ಬರುವ ಉತ್ತರಗಳು, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ, ಮಣಿಗಳನ್ನು ಪೋಣಿಸಿದ ಕಂಠಾಭರಣದಂತೆ ತೋರುತ್ತವೆ. 2,79,94,681ನ್ನು 441ರಿಂದ ಗುಣಿಸಿದರೆ ದೊರೆಯುವ 12345654321 ಇವುಗಳಲ್ಲೆಲ್ಲ ಶ್ರೇಷ್ಠವೆಂದು ನನ್ನ ಎಣಿಕೆ. ನಮ್ಮ ರೂಢಿಯಲ್ಲಿ ಹೇಳುವುದಾದರೆ ಇದು 1234 ಕೋಟಿ 56 ಲಕ್ಷ 54 ಸಾವಿರದ 321.

ಈ ಸಂಖ್ಯೆ 111111ರ ವರ್ಗ. ಅದೇಕೆ ಹೀಗಾಯಿತೆಂಬುದನ್ನು ಅರಿಯಲು ಶಾಲೆಯಲ್ಲಿ ಕಲಿತ ಗುಣಾಕಾರವೇ ಸಾಕು: 111111ನ್ನು ಆರು ಸಲ, ಪ್ರತಿಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆದು ಕೂಡಿದರೆ, ಏಕಸ್ಥಾನದಲ್ಲಿ ಒಂದೇ ಒಂದು, ದಶಸ್ಥಾನದಲ್ಲಿ ಎರಡು ಒಂದುಗಳು, ಹೀಗೆ ಬೆಳೆದು ಆರನೆಯ ಸ್ಥಾನದಲ್ಲಿ ಆರೂ ಒಂದುಗಳು ಕಲೆತು, ಬಳಿಕ ಒಂದೊಂದಾಗಿ ಕಡಮೆಯಾಗುತ್ತ ಹೋಗುತ್ತವೆ, ಎಲ್ಲಿಯೂ ಕೈಯಲ್ಲಿ ದಶಕ ಉಳಿಯುವುದಿಲ್ಲ.

ಇನ್ನು ಇದರ ಒಳರಚನೆ. 111111 ಎಂಬುದು 111 ಮತ್ತು 1001ರ ಗುಣಲಬ್ಧ. ಮೊದಲನೆಯದು 3 ಮತ್ತು 37ರಿಂದ, ಎರಡನೆಯದು 7, 11 ಮತ್ತು 13ರಿಂದ ಆದದ್ದು. ಆದುದರಿಂದ ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಬಂದು, ಅದಕ್ಕೆ ಒಟ್ಟು 243 ಭಾಜಕಗಳು ಸಿದ್ಧಿಸುತ್ತವೆ. ಆಚಾರ್ಯನ ಚಾತುರ್ಯ ಗೋಚರವಾಗುವುದೂ ಇಲ್ಲಿಯೇ. 3 ಮತ್ತು 7ನ್ನು ಗುಣಿಸಿದ 21ರ ವರ್ಗವೇ 441. ಉಳಿದ 11, 13, 37ರ ಗುಣಲಬ್ಧವಾದ 5291ರ ವರ್ಗವೇ 2,79,94,681. ವರ್ಗವೊಂದನ್ನು ಎರಡು ವರ್ಗಗಳಾಗಿ ಸೀಳಿ, ಮೂಲವನ್ನು ಮರೆಮಾಡಿ, ಶಿಷ್ಯನ ಮುಂದಿಟ್ಟಂತಾಯಿತು. ಇದು ಆಕಸ್ಮಿಕವೆಂದು ನಂಬಲು ನನ್ನ ಮನಸ್ಸು ಒಪ್ಪದು. 1,52,207ನ್ನು 73ರಿಂದ ಗುಣಿಸಿ ಎಂಟು ಒಂದುಗಳನ್ನು ಪಡೆಯುವ ಅವನ ಇನ್ನೊಂದು ಲೆಕ್ಕವೂ ಸೊಗಸಾದುದೇ, ಆದರೆ ಇಷ್ಟು ಗಹನವಲ್ಲ.

ಈ ಏರಿಳಿತ ಒಂಬತ್ತು ಒಂದುಗಳ ವರೆಗೆ ಕೆಡದೆ ನಡೆದು 12345678987654321 ಆಗುತ್ತದೆ. ಹತ್ತು ಒಂದುಗಳನ್ನು ವರ್ಗಿಸಿದೊಡನೆ ನಡುವಿನ ಸ್ಥಾನದಲ್ಲಿ ಹತ್ತು ಉದಿಸಿ, ಕೈದಶಕ ಎಡಕ್ಕೆ ಹರಿದು, 1234567900987654321 ಎಂಬ ಭಗ್ನರೂಪ ಉಳಿಯುತ್ತದೆ. ಹತ್ತರ ಬದಲು ಏಳನ್ನೇ ಆಧಾರವಾಗಿಟ್ಟು ಎಣಿಸುವವನಾದರೋ, ಆರು ಒಂದುಗಳನ್ನು ವರ್ಗಿಸಿ ಇದೇ 12345654321 ಎಂಬ ಅಂಕಪಂಕ್ತಿಯನ್ನು ಬರೆದಾನು. ಆದರೆ ಅವನು ಹಾಗೆ ಬರೆದದ್ದರ ಬೆಲೆ ನಮ್ಮ ಎಣಿಕೆಯಲ್ಲಿ 19,608ರ ವರ್ಗ, ಅಂದರೆ 38,44,73,664 ಮಾತ್ರ.