ರಂಗಕ್ಕೆ ಮೀಸಲಾದ ಬದುಕು: ಪೆಗ್ಗಿ ಆಶ್‌ಕ್ರಾಫ್ಟ್

ಶಿಲ್ಪಿ ಕಡೆದ ವಿಗ್ರಹ ಅವನ ಕಾಲಾನಂತರವೂ ನಿಲ್ಲುತ್ತದೆ. ಕವಿ ಬರೆದ ಕಾವ್ಯ ಗ್ರಂಥದಲ್ಲಿ ಉಳಿಯುತ್ತದೆ. ರಂಗನಟರ ಕಲೆಯಾದರೋ ತೆರೆ ಬಿದ್ದೊಡನೆ ಕಣ್ಮರೆಯಾಗುತ್ತದೆ. ನೋಡಿದವರ ನೆನಪೇ ಅದರ ನೆಲೆ. ಇಂತಹ ಕಲೆಗೆ ಸುಮಾರು ಅರುವತ್ತು ವರ್ಷಗಳ ಕಾಲ ತಮ್ಮನ್ನು ತೆತ್ತುಕೊಂಡವರು ಬ್ರಿಟನ್ನಿನ ನಟಿ ಪೆಗ್ಗಿ ಆಶ್‌ಕ್ರಾಫ್ಟ್.

ಅವರು 1907ರ ಡಿಸೆಂಬರ್ 22ರಂದು ಲಂಡನ್ನಿಗೆ ಸಮೀಪದ ಕ್ರಾಯ್ಡನ್ನಿನಲ್ಲಿ ಜನಿಸಿದರು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ಲಂಡನ್ನಿನ ನಾಟಕ ಶಾಲೆಯೊಂದರಲ್ಲಿ ಶಿಕ್ಷಣ ಪಡೆದ ಪೆಗ್ಗಿ, 1926ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೃತ್ತಿರಂಗವನ್ನು ಪ್ರವೇಶಿಸಿದರು. ರಷ್ಯದ ರಂಗಾಚಾರ್ಯ ಸ್ಟಾನಿಸ್ಲಾವ್‌ಸ್ಕಿಯವರ ಆತ್ಮಕಥೆ ಅವರ ಮೇಲೆ ಗಾಢವಾದ ಪ್ರಭಾವ ಬೀರಿತ್ತು. ಒಬ್ಬ ನಟನ ಮೆರೆದಾಟಕ್ಕಿಂತ ಇಡೀ ತಂಡದ ಸಾಮರಸ್ಯವೇ ಹಿರಿದೆಂಬ ನಂಬಿಕೆ ಅವರಲ್ಲಿ ಬೇರೂರಿತು.

1930ರಲ್ಲಿ ಅವರಿಗೊಂದು ಪರೀಕ್ಷೆ ಎದುರಾಯಿತು. ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ 'ಒಥೆಲೊ' ನಾಟಕ ಪ್ರದರ್ಶಿತವಾಯಿತು. ಕಪ್ಪು ಜನಾಂಗದ ಅಮೆರಿಕನ್ ಗಾಯಕ ಪಾಲ್ ರೋಬ್ಸನ್ ಒಥೆಲೊ ಆದರು. ಇಪ್ಪತ್ತೆರಡರ ಪೆಗ್ಗಿ ಅವನ ಮಡದಿ ಡೆಸ್ಡಿಮೋನಾ ಆದರು. ಬಿಳಿಯ ನಟಿ ಕಪ್ಪು ನಟನೊಡನೆ ಪ್ರೇಮವನ್ನು ಅಭಿನಯಿಸುವುದನ್ನು ಸಹಿಸದವರು ಅವರಿಗೆ ದ್ವೇಷದ ಪತ್ರಗಳನ್ನು ಬರೆದರು. ವರ್ಣಭೇದದ ಕ್ರೌರ್ಯವನ್ನು ಅವರು ಹೀಗೆ ಪ್ರತ್ಯಕ್ಷವಾಗಿ ಅರಿತರು. ಆದರೆ ಪಾತ್ರದಿಂದ ಹಿಂದೆ ಸರಿಯಲಿಲ್ಲ.

1935ರಲ್ಲಿ ಅವರು ಜೂಲಿಯೆಟ್ ಪಾತ್ರವನ್ನು ವಹಿಸಿದಾಗ, ಜಾನ್ ಗಿಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯೆ ಸರದಿಯಂತೆ ರೋಮಿಯೊ ಆದರು. 1961ರಲ್ಲಿ ಪೀಟರ್ ಹಾಲ್ ಅವರ ನೇತೃತ್ವದಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿ ರೂಪುಗೊಂಡಾಗ ಪೆಗ್ಗಿ ಆರಂಭದಿಂದಲೇ ಅದರ ಆಧಾರಸ್ತಂಭವಾದರು. ತಾರುಣ್ಯದಲ್ಲಿ ನಂಬಿದ ತಂಡಧರ್ಮಕ್ಕೆ ಅಲ್ಲಿ ನೆಲೆ ದೊರೆಯಿತು. 1963ರಲ್ಲಿ, ಷೇಕ್ಸ್‌ಪಿಯರನ ಐತಿಹಾಸಿಕ ನಾಟಕಗಳನ್ನು ಜೋಡಿಸಿದ ಪ್ರಯೋಗದಲ್ಲಿ ರಾಣಿ ಮಾರ್ಗರೆಟ್ ಆಗಿ, ತರುಣಿಯಿಂದ ಶಾಪ ಹಾಕುವ ವೃದ್ಧೆಯವರೆಗಿನ ಇಡೀ ಬಾಳನ್ನು ಅಭಿನಯಿಸಿದರು. ಆಗ ಅವರ ವಯಸ್ಸು ಐವತ್ತೈದು!

ಚಲನಚಿತ್ರಗಳಲ್ಲಿ ಅವರು ನಟಿಸಿದ್ದು ವಿರಳ. ಆದರೆ ಇಳಿವಯಸ್ಸಿನಲ್ಲಿ ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಅವರು ಭಾರತಕ್ಕೆ ಬಂದರು. ಫಾರ್ಸ್ಟರ್ ಅವರ ಕಾದಂಬರಿಯಲ್ಲಿ ಬರುವ ಗುಹೆಗಳ ದೃಶ್ಯಗಳಿಗೆ ನಮ್ಮ ಸಾವನದುರ್ಗ, ರಾಮನಗರಗಳ ಬಂಡೆಗಳೇ ಹಿನ್ನೆಲೆಯಾದವು. ಆಳುವವರ ದರ್ಪವನ್ನು ಒಪ್ಪದೆ, ಭಾರತೀಯ ವೈದ್ಯನೊಬ್ಬನನ್ನು ಸ್ನೇಹದಿಂದ ಕಾಣುವ ವೃದ್ಧೆ ಶ್ರೀಮತಿ ಮೂರ್ ಅವರ ಪಾತ್ರ ಪೆಗ್ಗಿಯವರದು. 1984ರಲ್ಲಿ ತೆರೆಕಂಡ ಈ ಚಿತ್ರದ ಅಭಿನಯಕ್ಕಾಗಿ, ಮರುವರ್ಷ ಎಪ್ಪತ್ತೇಳರ ವಯಸ್ಸಿನಲ್ಲಿ ಅವರಿಗೆ ಆಸ್ಕರ್ ಪ್ರಶಸ್ತಿ ಸಂದಿತು.

1991ರ ಜೂನ್ 14ರಂದು ಅವರು ನಿಧನರಾದರು. ಅವರ ಡೆಸ್ಡಿಮೋನಾಳನ್ನು ನಾವಿಂದು ಕಾಣಲಾರೆವು. ಆ ತೆರೆ ಎಂದೋ ಬಿದ್ದಿದೆ. ಆದರೆ ವರ್ಣಭೇದವನ್ನು ಎದುರಿಸಿ ನಿಂತ ಆ ತರುಣಿಯ ಅನುಭವದ ಪರಿಪಾಕವನ್ನು ಶ್ರೀಮತಿ ಮೂರ್ ಅವರ ಶಾಂತ ಮುಖದಲ್ಲಿ ಇಂದಿಗೂ ಕಾಣಬಹುದಾಗಿದೆ.