ಯಾದಗಿರಿ ಜಿಲ್ಲೆ: ನೆಲ, ಜನ ಮತ್ತು ನಮ್ಮ ಎಣಿಕೆ

ನಮ್ಮ ಯಾದಗಿರಿ ಜಿಲ್ಲೆಗೂ ನಮ್ಮ ತರಗತಿಯವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 2009ರ ಡಿಸೆಂಬರ್ 30ರಂದು ಆಗಿನ ಗುಲಬರ್ಗಾ ಜಿಲ್ಲೆಯಿಂದ ಬೇರೆಯಾಗಿ ಇದು ರಾಜ್ಯದ 30ನೇ ಜಿಲ್ಲೆಯಾಯಿತು. ಮೊದಲು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳಿದ್ದವು. ನಂತರ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಈಗ ಆರಾಗಿವೆ.

ಜಿಲ್ಲೆಯ ವಿಸ್ತೀರ್ಣ ಸುಮಾರು 5,200 ಚದರ ಕಿ.ಮೀ. ದಕ್ಷಿಣದಲ್ಲಿ ಕೃಷ್ಣಾ ನದಿ, ಅದರಾಚೆ ರಾಯಚೂರು ಜಿಲ್ಲೆ. ಪೂರ್ವಕ್ಕೆ ತೆಲಂಗಾಣ. ಉತ್ತರದಿಂದ ಬರುವ ಭೀಮಾ ನದಿ ರಾಯಚೂರಿನ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರ ಕಡೆ ಭತ್ತ ಬೆಳೆಯುತ್ತಾರೆ. ಗುರುಮಠಕಲ್ ಕಡೆ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿವೆ. ಅಲ್ಲಿ ತೊಗರಿ, ಹೆಸರು, ಜೋಳ, ಹತ್ತಿ ಬೆಳೆಯುತ್ತವೆ. ಎರಡು ದೊಡ್ಡ ನದಿಗಳಿದ್ದರೂ ಎಲ್ಲರ ಹೊಲಕ್ಕೆ ನೀರಿಲ್ಲ.

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,74,271. ನೂರು ಜನರಲ್ಲಿ ಸುಮಾರು 81 ಮಂದಿ ಹಳ್ಳಿಗಳಲ್ಲಿದ್ದರು. ಒಂದು ಚದರ ಕಿ.ಮೀ.ಗೆ ಸುಮಾರು 224 ಜನ. ರಾಜ್ಯದ ಸರಾಸರಿ 319. ಸಾವಿರ ಗಂಡಸರಿಗೆ 989 ಹೆಂಗಸರಿದ್ದರು. ರಾಜ್ಯದಲ್ಲಿ ಈ ಸಂಖ್ಯೆ 973 ಇದ್ದುದರಿಂದ ಇಲ್ಲಿ ನಾವೇ ಮುಂದೆ. ಆದರೆ ಸಾಕ್ಷರತೆಯಲ್ಲಿ ಜಿಲ್ಲೆ ರಾಜ್ಯಕ್ಕೇ ಕೊನೆ: ಶೇ. 51.83. ಗಂಡಸರಲ್ಲಿ ಶೇ. 62 ದಾಟಿದ್ದರೆ, ಹೆಂಗಸರಲ್ಲಿ ಸುಮಾರು ಶೇ. 41 ಮಾತ್ರ.

ಈ 51.83 ಎಂಬ ಅಂಕಿಯನ್ನು ಎಲ್ಲ ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಅದರಲ್ಲಿ ನಮ್ಮಲ್ಲಿ ಯಾರೂ ಇಲ್ಲ. ಸಾಕ್ಷರತೆಯನ್ನು ಏಳು ವರ್ಷ ತುಂಬಿದವರಲ್ಲಿ ಮಾತ್ರ ಲೆಕ್ಕ ಹಾಕುತ್ತಾರೆ. 2011ರಲ್ಲಿ ನಾವು ಒಂದೆರಡು ವರ್ಷದ ಮಕ್ಕಳು. 2021ರ ಗಣತಿ ಕೊರೊನಾದಿಂದ ನಡೆಯಲಿಲ್ಲ. ಆದ್ದರಿಂದ ನಾವು ಓದು ಬರಹ ಬಲ್ಲವರೆಂದು ಮೊದಲ ಸಲ ಎಣಿಕೆಗೆ ಬರುವುದು 2027ರ ಫೆಬ್ರವರಿಯ ಗಣತಿಯಲ್ಲಿ.

ಅಭ್ಯಾಸಕ್ಕೆಂದು ನಾನು ನಮ್ಮ ಮನೆಯಲ್ಲೇ ಗಣತಿಯ ಪ್ರಶ್ನೆ ಕೇಳಿದೆ. ಅಮ್ಮಿಗೆ ಓದು ಬರಹ ಬರುತ್ತದೆಯೇ ಎಂದಾಗ ಅಬ್ಬಾ "ಇಲ್ಲ" ಎಂದರು. ಅಮ್ಮಿಯೂ ತಲೆಯಾಡಿಸಿದರು. ಅಮ್ಮಿಗೆ ಕನ್ನಡ ಬರೆಯಲು ಬಾರದು, ಆದರೆ ಉರ್ದು ಓದುತ್ತಾರೆ, ಬರೆಯುತ್ತಾರೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕವನ್ನು ಉರ್ದುವಿನಲ್ಲೇ ಬರೆದಿಡುತ್ತಾರೆ. ಗಣತಿಯ ನಿಯಮದಂತೆ ಯಾವುದೇ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು. ಶಾಲೆಗೆ ಹೋಗಿರಲೇಬೇಕೆಂದಿಲ್ಲ. ಓದಲು ಮಾತ್ರ ಬಂದು ಬರೆಯಲು ಬಾರದಿದ್ದರೆ ಸಾಕ್ಷರರಲ್ಲ. ಹಾಗಾದರೆ ಅಮ್ಮಿ ಸಾಕ್ಷರರು! ಇದನ್ನು ಹೇಳಿದಾಗ ಅವರು ನಕ್ಕರು, ಆದರೆ ಖುಷಿಯಾದದ್ದು ಮುಖದಲ್ಲೇ ಕಾಣಿಸಿತು.

ಇನ್ನೊಂದು ವಿಷಯ ಗುಳೆ. ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತವೆ. ಗಣತಿ ನಡೆಯುವ ಫೆಬ್ರವರಿಯೂ ಗುಳೆಯ ಕಾಲವೇ. ಹಿಂದಿನ ಗಣತಿಯಲ್ಲಿ, ಎಣಿಕೆಯ ಅಷ್ಟೂ ದಿನ ಊರಲ್ಲಿಲ್ಲದವರನ್ನು ಅವರು ಇದ್ದ ಜಾಗದಲ್ಲೇ ಎಣಿಸುವ ಕ್ರಮವಿತ್ತು. ಕೆಲಸದ ಜಾಗದ ಶೆಡ್ಡಿನಲ್ಲಿ ಇರುವವರು ಅಲ್ಲೂ ಬರೆಸದಿದ್ದರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಶಾಲೆ, ಆಸ್ಪತ್ರೆ, ಪಡಿತರದ ಯೋಜನೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಲೆಕ್ಕಶಾಸ್ತ್ರದಲ್ಲಿ ಒಂದು ನಮೂದು ತಪ್ಪಿದರೆ ತಾಳೆಪಟ್ಟಿ ಸರಿಹೋಗದೆ ಕೂಡಲೇ ಗೊತ್ತಾಗಬಹುದು. ಜನಗಣತಿಯಲ್ಲಿ ಒಬ್ಬರು ಬಿಟ್ಟುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಗಣತಿದಾರರು ಬಂದಾಗ ನಾವು ಮನೆಯವರ ಪಕ್ಕದಲ್ಲಿ ಕುಳಿತು ವಯಸ್ಸು, ಮಾತೃಭಾಷೆ, ಓದು ಬರಹವನ್ನು ಇದ್ದಂತೆ ಬರೆಸೋಣ. ಗುಳೆ ಹೋದವರಿಗೆ ಫೋನ್ ಮಾಡಿ ತಿಳಿಸೋಣ. ಅಂಕಿ ಕಡಿಮೆ ಬಂದರೂ ಪರವಾಗಿಲ್ಲ, ಅದು ನಿಜವಾಗಿರಲಿ.