ಮಡಚಿಡುವ ಟಿಪ್ಪಣಿ: ನಿಮ್ಮದೇ ವಿಕಿಯಲ್ಲೊಂದು ಔಟ್‌ಲೈನರ್



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆ ಬಿಟ್ಟರೆ ಮತ್ತೆ ಮತ್ತೆ ಕಾಣುವ ಪ್ರಶ್ನೆ ಒಂದಿದೆ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದಾರೆ, ಧಾರವಾಡದ ಕಡೆಯವರು, ಈಗ ಪುಣೆಯಲ್ಲಿ ಮಗಳ ಜೊತೆಗಿದ್ದಾರೆ. ಮಾದಲಿ ಮಾಡುವ ಬಗೆ, ಹಬ್ಬದ ಪದ್ಧತಿ, ಊರಿನ ಸಂಬಂಧಗಳು, ಹಳೆಯ ಮಾತು, ಎಲ್ಲ ಅವರ ಬಾಯಲ್ಲೇ ಇದೆ. ಮಗಳು ಬರೆದುಕೊಳ್ಳುತ್ತಾ ಬಂದಿದ್ದಾರೆ. ಡೈರಿಗಳು ತುಂಬಿವೆ, ಆದರೆ ಬೇಕಾದಾಗ ಬೇಕಾದದ್ದು ಸಿಗುವುದಿಲ್ಲ. ಗಣಕದಲ್ಲಿ ಇಡುವುದಾದರೆ ಹೇಗೆ ಇಡಬೇಕು ಎಂಬುದು ಅವರ ಪ್ರಶ್ನೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ಎನ್ನುವ ಅಳುಕೂ ಆ ಪ್ರಶ್ನೆಯ ಹಿಂದಿದೆ.

ಉದ್ಘೋಷಕರ ಕೆಲಸವೂ ಅರ್ಧ ಪಾಲು ಟಿಪ್ಪಣಿಯದ್ದೇ. ಯಾರ ಜನ್ಮದಿನ, ಯಾವ ಹಾಡು, ಹೆಸರಿನ ಉಚ್ಚಾರಣೆ ಹೇಗೆ, ಕಳೆದ ವರ್ಷ ಇದೇ ವಾರ ಏನು ಹೇಳಿದ್ದೆವು, ಇದೆಲ್ಲ ಮೈಕಿನ ಮುಂದೆ ಕೂತಾಗ ಕೈಗೆ ಸಿಗಬೇಕು. ಹಾಗಾಗಿ ನಾನು ದಿನವೂ ಬಳಸುವ ಏರ್ಪಾಡನ್ನೇ ನಿಮಗೆ ಹೇಳುತ್ತೇನೆ. ಎರಡು ವಸ್ತುಗಳು: ಒಂದು ಸ್ವಂತ ವಿಕಿ, ಇನ್ನೊಂದು ಅದರೊಳಗೆ ಸೇರಿಸುವ ಔಟ್‌ಲೈನರ್ ಎಂಬ ಪ್ಲಗಿನ್.

ವಿಕಿ ಎಂದರೆ ವಿಕಿಪೀಡಿಯಾ ಮಾತ್ರ ಅಲ್ಲ. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞ 1995ರಲ್ಲಿ ಮೊದಲ ವಿಕಿ ಮಾಡಿದಾಗ ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನ ಹೆಸರನ್ನು ಎರವಲು ಪಡೆದರು. ಹವಾಯಿಯ ಭಾಷೆಯಲ್ಲಿ ಹಾಗೆಂದರೆ ಬೇಗ ಬೇಗ. ಒಂದು ಪುಟದಲ್ಲಿ ಬರೆಯುತ್ತಿರುವಾಗಲೇ ಇನ್ನೊಂದು ಪುಟಕ್ಕೆ ಕೊಂಡಿ ಹಾಕಬಹುದು, ಆ ಪುಟ ಇನ್ನೂ ಹುಟ್ಟಿರದಿದ್ದರೂ ಸರಿ. ಅಷ್ಟೇ ಅದರ ಗುಟ್ಟು. ಅದನ್ನೇ ಒಬ್ಬರ ಗಣಕದೊಳಗೆ, ಒಬ್ಬರಿಗಾಗಿ ಇಟ್ಟುಕೊಂಡರೆ ಸ್ವಂತ ವಿಕಿ. ಜೆರೆಮಿ ರಸ್ಟನ್ 2004ರಲ್ಲಿ ತಂದ ಟಿಡ್ಲಿವಿಕಿ ಇಂಥದ್ದು, ಇಡೀ ವಿಕಿ ಒಂದೇ ಕಡತದಲ್ಲಿ ಕೂರುತ್ತದೆ. 2020ರಲ್ಲಿ ಬಂದ ಅಬ್ಸಿಡಿಯನ್ ಇನ್ನೊಂದು. ನಾನು ಬಳಸುವುದು ಇದನ್ನು. ಸ್ವಂತ ಬಳಕೆಗೆ ದುಡ್ಡು ಕೊಡಬೇಕಿಲ್ಲ. ನೀವು ಬರೆದದ್ದು ನಿಮ್ಮದೇ ಗಣಕದ ಒಂದು ಫೋಲ್ಡರಿನಲ್ಲಿ, ಪುಟಕ್ಕೊಂದು ಸಾದಾ ಪಠ್ಯ ಕಡತವಾಗಿ ಇರುತ್ತದೆ.

ಕಡತ ಎಂದೆ. ಕನ್ನಡ ಬಿ.ಎ. ಓದಿದ ಚಪಲಕ್ಕೆ ಒಂದು ಮಾತು ಸೇರಿಸಲು ಬಿಡಿ. ಈಗ ಫೈಲ್ ಎನ್ನುವುದಕ್ಕೆ ಬಳಸುವ ಈ ಪದ ಹಿಂದೆ ಒಂದು ನಿಜವಾದ ವಸ್ತುವಿನ ಹೆಸರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಗೆ ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಬೇಕಾದ ಮಡಿಕೆ ಬಿಚ್ಚು, ಉಳಿದದ್ದು ಮುಚ್ಚಿರಲಿ. ಔಟ್‌ಲೈನರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಇದು ಹೊಸ ಯೋಚನೆಯೇನಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸ್ ಹಿಡಿದು ತಮ್ಮ ಗಣಕವನ್ನು ಸಭೆಗೆ ತೋರಿಸಿದಾಗ, ಉದಾಹರಣೆಗೆ ಎತ್ತಿಕೊಂಡದ್ದು ಮನೆಗೆ ತರಬೇಕಾದ ಸಾಮಾನಿನ ಪಟ್ಟಿ. ಪಟ್ಟಿಯನ್ನು ಗುಂಪು ಮಾಡಿದರು, ಒಳಗೊಳಗೆ ಇಟ್ಟರು, ಮುಚ್ಚಿ ತೆರೆದು ತೋರಿಸಿದರು. 1983ರಲ್ಲಿ ಡೇವ್ ವೈನರ್ ಅವರ ಥಿಂಕ್‌ಟ್ಯಾಂಕ್ ಅದನ್ನು ಮನೆಯ ಗಣಕಕ್ಕೆ ತಂದಿತು. ಹೊಸತೆಂದರೆ ಆ ಪಟ್ಟಿಯನ್ನು ವಿಕಿಯ ಪುಟದೊಳಗೆ ಕೂರಿಸಿದ್ದು.

ಈಗ ನಿಜವಾದ ಒಂದು ಪುಟ ನೋಡೋಣ. ಪುಣೆಯ ಕೇಳುಗರಿಗೆ ಹತ್ತಿರದ ಹೆಸರು.

- ಭೀಮಸೇನ ಜೋಶಿ
    - ಹುಟ್ಟು: 1922 ಫೆಬ್ರವರಿ 4, ಗದಗ ಸೀಮೆ
    - ಗುರು: [[ಸವಾಯಿ ಗಂಧರ್ವ]]
        - ಕುಂದಗೋಳದಲ್ಲಿ ಕಲಿಕೆ
    - ಪುಣೆ
        - 1953ರಿಂದ ಗುರುವಿನ ನೆನಪಿಗೆ ಸಂಗೀತೋತ್ಸವ
    - ಭಾರತ ರತ್ನ: 2008
    - ನಿಧನ: 2011 ಜನವರಿ 24, ಪುಣೆ

ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದೇ ಮಟ್ಟದ ಹೊಸ ಸಾಲು. ಟ್ಯಾಬ್ ಒತ್ತಿದರೆ ಸಾಲು ಒಳಕ್ಕೆ ಸರಿದು ಮೇಲಿನದರ ಮಗುವಾಗುತ್ತದೆ. ಶಿಫ್ಟ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ಹೊರಕ್ಕೆ. ಇಷ್ಟನ್ನು ಅಬ್ಸಿಡಿಯನ್ ತಾನೇ ಸುಮಾರಾಗಿ ಮಾಡುತ್ತದೆ, ಮತ್ತೆ ಪ್ಲಗಿನ್ ಯಾಕೆ ಎಂದು ನೀವು ಕೇಳಬಹುದು. ಉತ್ತರ ಸಾಲು ಸರಿಸುವಾಗ ಗೊತ್ತಾಗುತ್ತದೆ.

ಗುರುಪೂರ್ಣಿಮೆಯ ಕಾರ್ಯಕ್ರಮಕ್ಕೆ ‘ಗುರು’ ಎಂಬ ಸಾಲು ಮೊದಲು ಬರಲಿ ಎಂದುಕೊಳ್ಳಿ. ಪ್ಲಗಿನ್ ಇಲ್ಲದೆ ಆ ಸಾಲೊಂದನ್ನೇ ಮೇಲಕ್ಕೆ ಸರಿಸಿದರೆ, ಅದು ‘ಹುಟ್ಟು’ ಸಾಲನ್ನು ದಾಟಿ ಹೋಗುತ್ತದೆ, ಆದರೆ ‘ಕುಂದಗೋಳದಲ್ಲಿ ಕಲಿಕೆ’ ಇದ್ದಲ್ಲೇ ಉಳಿದು ಹುಟ್ಟಿನ ಕೆಳಗೆ ಸೇರಿಕೊಳ್ಳುತ್ತದೆ. ಅವಸರದಲ್ಲಿ ಓದುವವರಿಗೆ ಅದು ಜನ್ಮಸ್ಥಳದ ಹಾಗೆ ಕಾಣುತ್ತದೆ! ಅಡುಗೆಯ ಟಿಪ್ಪಣಿಯಲ್ಲಾದರೆ ಮಾದಲಿಯ ಬೆಲ್ಲ ಹೋಗಿ ಪಲ್ಯಕ್ಕೆ ಬಿದ್ದಂತೆ. ಔಟ್‌ಲೈನರ್ ಹಾಕಿದ ಮೇಲೆ ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಮೇಲ್ಬಾಣ ಒತ್ತಿ. (ಮ್ಯಾಕ್ ಇರುವವರು ಕಂಟ್ರೋಲ್ ಬದಲು ಕಮಾಂಡ್ ಕೀಲಿ.) ‘ಗುರು’ ತನ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡೇ ಹೊರಡುತ್ತದೆ. ಮೌಸಿನಲ್ಲಿ ಎಳೆದರೂ ಆಗುತ್ತದೆ. ನನ್ನ ಮಟ್ಟಿಗೆ ಈ ಪ್ಲಗಿನ್ನಿನ ಬೆಲೆಯೆಲ್ಲ ಈ ಒಂದು ಗುಣದಲ್ಲಿದೆ. ಉಳಿದದ್ದು ಸೌಕರ್ಯ: ಎಡಗಡೆಯ ಪುಟ್ಟ ತ್ರಿಕೋನ ಒತ್ತಿದರೆ ಕೊಂಬೆ ಮಡಚಿಕೊಳ್ಳುತ್ತದೆ, ಯಾವ ಸಾಲು ಯಾರ ಕೆಳಗಿದೆ ಎಂದು ತೋರಿಸುವ ನೆಟ್ಟ ಗೆರೆಗಳನ್ನೂ ಹಾಕಿಕೊಳ್ಳಬಹುದು.

ಹಾಕಿಕೊಳ್ಳುವುದು ಕಷ್ಟವಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಮ್ಯುನಿಟಿ ಪ್ಲಗಿನ್ಸ್ ಎಂಬ ಭಾಗ ತೆರೆದು, ‘ರಿಸ್ಟ್ರಿಕ್ಟೆಡ್ ಮೋಡ್’ ಆರಿಸಿ, ಔಟ್‌ಲೈನರ್ ಎಂದು ಹುಡುಕಿ, ಇನ್‌ಸ್ಟಾಲ್, ಆಮೇಲೆ ಎನೇಬಲ್. ಆ ಮೋಡ್ ಸುಮ್ಮನೆ ಇಟ್ಟದ್ದಲ್ಲ ಎಂಬುದು ನೆನಪಿರಲಿ. ಪ್ಲಗಿನ್ನುಗಳನ್ನು ಹೊರಗಿನವರು ಬರೆದಿರುತ್ತಾರೆ, ಅವುಗಳಿಗೆ ನಿಮ್ಮ ಕಡತಗಳ ತನಕ ಕೈ ಚಾಚಲು ಆಗುತ್ತದೆ. ಕಂಡಕಂಡದ್ದನ್ನೆಲ್ಲ ಸೇರಿಸುವ ಉತ್ಸಾಹ ಬೇಡ. ಫೋನಿನಲ್ಲಿ ಟ್ಯಾಬ್ ಕೀಲಿ ಇರುವುದಿಲ್ಲ, ಅಕ್ಷರಗಳ ಮೇಲಿನ ಪಟ್ಟಿಯಲ್ಲಿ ಒಳಸರಿಸುವ ಗುಂಡಿ ಸಿಗುತ್ತದೆ.

ಮೇಲಿನ ಪುಟದಲ್ಲಿ ಜೋಡಿ ಚೌಕ ಕಂಸದೊಳಗೆ ಸವಾಯಿ ಗಂಧರ್ವರ ಹೆಸರಿದೆ, ಗಮನಿಸಿದಿರಾ? ಅದೇ ವಿಕಿಯ ಕೊಂಡಿ. ಗಂಗೂಬಾಯಿ ಹಾನಗಲ್ ಅವರ ಪುಟದಲ್ಲೂ ಗುರು ಎಂಬಲ್ಲಿ ಇದೇ ಕೊಂಡಿ ಹಾಕಿದ್ದೇನೆ. ಸವಾಯಿ ಗಂಧರ್ವರ ಪುಟ ತೆರೆದು ‘ಬ್ಯಾಕ್‌ಲಿಂಕ್ಸ್’ ನೋಡಿದರೆ ಇಬ್ಬರು ಶಿಷ್ಯರೂ ಬಂದು ನಿಂತಿರುತ್ತಾರೆ, ನಾನು ಅಲ್ಲಿ ಏನನ್ನೂ ಬರೆಯದಿದ್ದರೂ. ಡೈರಿಯಲ್ಲಿ ಇದು ಆಗದ ಮಾತು. ನಿಮ್ಮ ತಾಯಿಯವರ ಟಿಪ್ಪಣಿಯಲ್ಲಿ [[ಕುಂದಗೋಳದ ಅತ್ತೆ]] ಎಂದು ಮದುವೆಯ ಕತೆಯಲ್ಲೊಮ್ಮೆ, ಮಾದಲಿಯ ಪುಟದಲ್ಲೊಮ್ಮೆ, ಪಂಚಮಿ ಹಬ್ಬದಲ್ಲೊಮ್ಮೆ ಬಂದರೆ ಅತ್ತೆಯ ಪುಟ ತಾನಾಗಿ ತುಂಬುತ್ತದೆ. ಯಾವುದನ್ನು ಸಾಲಾಗಿ ಇಡಬೇಕು, ಯಾವುದಕ್ಕೆ ಬೇರೆ ಪುಟ ಮಾಡಬೇಕು ಎಂಬುದಕ್ಕೆ ನಾನು ಪಾಲಿಸುವ ಲೆಕ್ಕ ಸುಲಭ: ಎರಡನೆಯ ಜಾಗದಲ್ಲಿ ಬೇಕಾಯಿತೋ, ಪುಟ ಮಾಡು. ಅಲ್ಲಿಯವರೆಗೆ ಸಾಲೇ ಸಾಕು. ಒಳಗೊಳಗೆ ನಾಲ್ಕು ಮಟ್ಟ ದಾಟಿದರೆ ನೀವು ಪಟ್ಟಿ ಬರೆಯುತ್ತಿಲ್ಲ, ಬಚ್ಚಿಡುತ್ತಿದ್ದೀರಿ.

ಇನ್ನು ಕನ್ನಡದ್ದೇ ಆದ ತೊಡಕುಗಳು. ಇಂಗ್ಲಿಷಿನ ಲೇಖನಗಳಲ್ಲಿ ಇವು ಇರುವುದಿಲ್ಲವಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ.

ಹಳೆಯ ವಿಕಿಗಳಲ್ಲಿ ಎರಡು ಪದ ಅಂಟಿಸಿ, ಎರಡಕ್ಕೂ ಮೊದಲಕ್ಷರ ದೊಡ್ಡದು ಮಾಡಿದರೆ ಕೊಂಡಿ ಆಗುತ್ತಿತ್ತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ, ಹಾಗಾಗಿ ಜೋಡಿ ಕಂಸವೇ ಗತಿ. ಅದಕ್ಕಿಂತ ದೊಡ್ಡ ತೊಡಕು ವಿಭಕ್ತಿ. ಪುಟದ ಹೆಸರು ‘ಮೈಸೂರು’, ಆದರೆ ನಾವು ಬರೆಯುವುದು ಮೈಸೂರಿನಲ್ಲಿ, ಮೈಸೂರಿಗೆ, ಮೈಸೂರಿಂದ. ಒಂದೊಂದಕ್ಕೂ ಕಂಸ ಹಾಕಿದರೆ ಒಂದೊಂದು ಪುಟ ಹುಟ್ಟುತ್ತದೆ. ಅಬ್ಸಿಡಿಯನ್‌ನಲ್ಲಿ [[ಮೈಸೂರು|ಮೈಸೂರಿನಲ್ಲಿ]] ಎಂದು ಬರೆಯಬೇಕು, ಮೊದಲು ಪುಟದ ಹೆಸರು, ಗೆರೆಯಾಚೆ ಕಣ್ಣಿಗೆ ಕಾಣಬೇಕಾದ ರೂಪ. ಟಿಡ್ಲಿವಿಕಿಯಲ್ಲಿ ಇದು ಉಲ್ಟಾ, ಕಾಣುವ ರೂಪ ಮೊದಲು. ಎರಡನ್ನೂ ಬಳಸುವವರು ಎಚ್ಚರವಾಗಿರಿ. ಔಟ್‌ಲೈನರ್ ಇಲ್ಲೂ ಕೈಹಿಡಿಯುತ್ತದೆ. ವಾಕ್ಯದಲ್ಲಿ ವಿಭಕ್ತಿ ಬೇಕೇ ಬೇಕು, ಪಟ್ಟಿಯಲ್ಲಿ ‘ಊರು: [[ಮೈಸೂರು]]’ ಎಂದರೆ ಮುಗಿಯಿತು. ಹುಡುಕುವಾಗಲೂ ಒಂದು ಉಪಾಯವಿದೆ. ಕೊನೆಯ ಉಕಾರ ಬಿಟ್ಟು ‘ಮೈಸೂರ’ ಎಂದಷ್ಟೇ ಕೊಡಿ. ಮೈಸೂರು, ಮೈಸೂರಿನ, ಮೈಸೂರಿಗೆ ಎಲ್ಲವೂ ಬಲೆಗೆ ಬೀಳುತ್ತವೆ, ಯಾಕೆಂದರೆ ಗಣಕದ ಲೆಕ್ಕದಲ್ಲಿ ‘ರ’ ಬೇರೆ, ಅದಕ್ಕೆ ಹತ್ತುವ ಉಕಾರ ಇಕಾರ ಬೇರೆ ಸಂಕೇತಗಳು.

ಮೂರನೆಯದು ಕಣ್ಣಿಗೆ ಕಾಣದ ಶತ್ರು. ರಾಜ್‌ಕುಮಾರ್, ರಾಜ್ಕುಮಾರ್, ರಾಜಕುಮಾರ್: ನಮಗೆ ಅಣ್ಣಾವ್ರು ಒಬ್ಬರೇ, ಗಣಕಕ್ಕೆ ಮೂವರು. ಮೊದಲನೆಯದರಲ್ಲಿ ‘ಜ್’ ಆದ ಮೇಲೆ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಸಂಕೇತವೊಂದು ಕೂತಿರುತ್ತದೆ. ಕೆಲವು ಕೀಲಿಮಣೆಗಳು ಅದನ್ನು ಪದದ ಕೊನೆಗೂ ಸದ್ದಿಲ್ಲದೆ ಸೇರಿಸಿಬಿಡುತ್ತವೆ. ಆಗ ನೋಡಲು ಒಂದೇ ತೆರನಾದ ಎರಡು ಪುಟಗಳು! ಪುಟದ ತಲೆಯಲ್ಲಿ ‘ಏಲಿಯಾಸಸ್’ ಎಂದು ಪರ್ಯಾಯ ಹೆಸರುಗಳನ್ನು ಬರೆದಿಡಲು ಅವಕಾಶವಿದೆ, ಬಳಸಿ. ಕುವೆಂಪು ಪುಟಕ್ಕೆ ಕೆ.ವಿ. ಪುಟ್ಟಪ್ಪ ಎಂಬ ಹೆಸರನ್ನು ಕಟ್ಟುವುದೂ ಹೀಗೆಯೇ. ಹಳೆಯ ನುಡಿ, ಬರಹದ ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಬರಹ ನಿಮ್ಮಲ್ಲಿದ್ದರೆ ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ವಿಕಿಯೊಳಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಲೂ ಬರುವುದಿಲ್ಲ.

ಪ್ಲಗಿನ್ ನಾಳೆ ನಿಂತುಹೋದರೆ? ಇದು ಕೇಳಲೇಬೇಕಾದ ಪ್ರಶ್ನೆ. ಟಿಡ್ಲಿವಿಕಿ ಬಳಸುತ್ತಿದ್ದ ಹಲವರು ಫೈರ್‌ಫಾಕ್ಸಿನ ಟಿಡ್ಲಿಫಾಕ್ಸ್ ಎಂಬ ಸೇರ್ಪಡೆಯಿಂದ ತಮ್ಮ ಬರಹ ಉಳಿಸುತ್ತಿದ್ದರು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಅದು ಕೆಲಸ ನಿಲ್ಲಿಸಿತು. ಬರಹ ಕಳೆದುಹೋಗಲಿಲ್ಲ, ಉಳಿಸುವ ಬೇರೆ ದಾರಿ ಹುಡುಕಬೇಕಾಯಿತು. ಟಿಡ್ಲಿವಿಕಿಯಲ್ಲೂ ‘ಸ್ಟ್ರೀಮ್ಸ್’ ಎಂಬ ಒಳ್ಳೆಯ ಔಟ್‌ಲೈನರ್ ಇದೆ. ಅಲ್ಲಿ ಪ್ರತಿ ಸಾಲೂ ಒಂದು ಸ್ವತಂತ್ರ ಟಿಪ್ಪಣಿ. ಒಂದೊಂದು ಸಾಲನ್ನೂ ಬೇರೆಡೆ ಕರೆದು ಬಳಸಲು ಅದು ಅನುಕೂಲ, ಆದರೆ ಪ್ಲಗಿನ್ ತೆಗೆದರೆ ಸಾಲುಗಳ ಸರಪಳಿ ಬಿಡಿಬಿಡಿಯಾಗಿ ಕಾಣುತ್ತದೆ. ಅಬ್ಸಿಡಿಯನ್‌ನ ಔಟ್‌ಲೈನರ್ ಹಾಗಲ್ಲ. ಅದು ಬರೆಯುವುದು ಬರಿಯ ಅಡ್ಡಗೆರೆ ಮತ್ತು ಖಾಲಿ ಜಾಗ. ಅದನ್ನು ಕಿತ್ತುಹಾಕಿ, ಅಬ್ಸಿಡಿಯನ್ನನ್ನೂ ಕಿತ್ತುಹಾಕಿ, ನೋಟ್‌ಪ್ಯಾಡಿನಲ್ಲಿ ತೆರೆದರೂ ಮೇಲೆ ತೋರಿಸಿದ ಪಟ್ಟಿ ಹಾಗೆಯೇ ಓದಲು ಸಿಗುತ್ತದೆ. ತಾಯಿಯವರ ಮಾತನ್ನು ಇಪ್ಪತ್ತು ವರ್ಷ ಇಡಬೇಕು ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಅಂದಮಾತ್ರಕ್ಕೆ ಒಂದೇ ಪ್ರತಿ ಇಟ್ಟುಕೊಂಡು ಕೂರಬೇಡಿ. ವಾರಕ್ಕೊಮ್ಮೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದು ಗಣಕವಿರುವ ಚೀಲದಲ್ಲೇ ಇರುವುದು ಬೇಡ.

ಕೊನೆಗೆ ರೇಡಿಯೋದವರ ಸಲಹೆಯೊಂದು. ಅಬ್ಸಿಡಿಯನ್‌ನೊಳಗೇ ‘ಆಡಿಯೋ ರೆಕಾರ್ಡರ್’ ಇದೆ, ಬೇರೆ ಪ್ಲಗಿನ್ ಬೇಡ, ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಿದರೆ ಸಾಕು. ಪಟ್ಟಿಯಲ್ಲಿ ಯಾವ ಸಾಲಿನ ಕೆಳಗೆ ನಿಂತು ರೆಕಾರ್ಡ್ ಮಾಡುತ್ತೀರೋ ಆ ಧ್ವನಿಯನ್ನು ಅಲ್ಲೇ ಇಡಬಹುದು. ‘ಮಾದಲಿ, ರೊಟ್ಟಿ ಮುರಿಯುವ ಹದ’ ಎಂಬ ಸಾಲಿನ ಕೆಳಗೆ ಅವರ ದನಿಯೇ ಇದ್ದರೆ, ಲಿಪಿ ಬಾರದ ಮೊಮ್ಮಗನೂ ಒತ್ತಿ ಕೇಳುತ್ತಾನೆ. ಧ್ವನಿಯ ಕಡತಗಳು ಅಕ್ಷರಕ್ಕಿಂತ ಬಹಳ ದೊಡ್ಡವು. ಅದಕ್ಕೆ ಒಂದು ವಿಷಯಕ್ಕೆ ಎರಡು ಮೂರು ನಿಮಿಷದ ತುಣುಕು ಸಾಕು, ಇಡೀ ಮಧ್ಯಾಹ್ನದ ಹರಟೆ ಬೇಡ. ರೆಕಾರ್ಡಿಗೆ ಮುಂಚೆ ಫ್ಯಾನ್ ಆರಿಸಿ, ಫೋನನ್ನು ಮಡಚಿದ ಟವೆಲಿನ ಮೇಲಿಡಿ, ಕುಕ್ಕರ್ ಇಳಿಸಿದ ಮೇಲೆ ಶುರು ಮಾಡಿ. ಅವರು ಮಾತು ನಿಲ್ಲಿಸಿದರೂ ಎರಡು ಕ್ಷಣ ಬಿಟ್ಟು ಗುಂಡಿ ಒತ್ತಿ. ವಯಸ್ಸಾದವರು ಮುಗಿಯಿತು ಅಂದಮೇಲೆ ಇನ್ನೊಂದು ಮಾತು ಸೇರಿಸುತ್ತಾರೆ.